ಹಗ್ಗ ಮಾಡುವ ಯಂತ್ರವನ್ನು ಯಾರು ಕಂಡುಹಿಡಿದರು? ಸುಮ್ನೆ ತಿರುಚುವ ಕೆಲಸಕ್ಕೆ ಯಂತ್ರ ಯಾಕೆ ಬೇಕಾಯಿತು?

ನೀವು ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ. ಹಗ್ಗದ ಯಂತ್ರ ಯಾರದ್ದು ಅನ್ನುವುದು ಒಂದು. ನಾಲ್ಕು ದಾರ ಸೇರಿಸಿ ತಿರುಚುವುದಕ್ಕೆ ಯಂತ್ರವೇ ಯಾಕೆ, ಕೈಯಲ್ಲಿ ಆಗುವುದಿಲ್ಲವಾ ಅನ್ನುವುದು ಇನ್ನೊಂದು. ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ಅರ್ಥವಾಗದೆ ಹೆಸರು, ಇಸವಿ ತಿಳಿದು ಪ್ರಯೋಜನವಿಲ್ಲ.

ನಾನು ತಿಪಟೂರು ಕಡೆಯವನು. ನಮ್ಮ ತಾತ ಬೇಸಾಯದ ಜೊತೆಗೆ ಹಗ್ಗ ಹೊಸೆಯುತ್ತಿದ್ದರು. ಕಾಯಿ ಸುಲಿದ ಮಟ್ಟೆಯನ್ನು ತಿಂಗಳುಗಟ್ಟಲೆ ನೀರಲ್ಲಿ ಕೊಳೆಹಾಕಿ, ಕೊಡತಿಯಲ್ಲಿ ಬಡಿದು, ನಾರು ಬಿಡಿಸಿ ಒಣಗಿಸುತ್ತಿದ್ದರು. ಆ ನಾರಿನಿಂದ ದನದ ಕಣ್ಣಿ, ಬಾವಿ ಹಗ್ಗ, ಗಾಡಿಗೆ ಹುಲ್ಲು ಬಿಗಿಯುವ ದಪ್ಪ ಹಗ್ಗ ಎಲ್ಲ ಆಗುತ್ತಿದ್ದವು. ರಾಟೆ ತಿರುಗಿಸುವ ಕೆಲಸ ಮಕ್ಕಳದು. ರಜೆಯಲ್ಲಿ ನಾನೂ ತಿರುಗಿಸಿದ್ದೇನೆ.

ಒಂದು ಸಲ ತೋಟದಲ್ಲಿ ಒಣಗಿದ ತೆಂಗಿನ ಮರ ಕೆಡವಬೇಕಿತ್ತು. ಮನೆ ಕಡೆಗೆ ಬೀಳಬಾರದು ಅಂತ ಮರದ ತಲೆಗೆ ಹಗ್ಗ ಕಟ್ಟಿ ಎಂಟು ಹತ್ತು ಜನ ಎಳೆದರು. ತಾತ ಅದಕ್ಕೆಂದೇ ಬಹಳ ದಪ್ಪದ ಹಗ್ಗ ಹೊಸೆದಿದ್ದರು. ಎಳೆಯುವಾಗ ಹಗ್ಗದ ಒಂದು ಎಳೆ ಪಟಪಟ ಅಂತ ಕಿತ್ತುಕೊಂಡಿತು. ಎಲ್ಲರೂ ಕೈಬಿಟ್ಟು ಓಡಿದರು. ಪುಣ್ಯಕ್ಕೆ ಮರ ಅಲುಗಲಿಲ್ಲ. ಸಂಜೆ ತಾತ ಆ ಹಗ್ಗವನ್ನು ಜಗಲಿ ಮೇಲೆ ಹಾಕಿಕೊಂಡು ಬಿಚ್ಚಿದರು. ಎಳೆಯ ಹೊರಗಿನ ಹುರಿಗಳು ತುಂಡಾಗಿದ್ದವು. ಒಳಗಿನ ಹುರಿಗಳಿಗೆ ಏನೂ ಆಗಿರಲಿಲ್ಲ. ಅವು ಅಂಕುಡೊಂಕಾಗಿ, ಸಡಿಲವಾಗಿ ಮಲಗಿದ್ದವು. "ಇವು ಎಳೆದೇ ಇಲ್ಲ ಕಣೋ" ಅಂದರು ತಾತ. ಆ ಮಾತು ನನ್ನ ತಲೆಯಲ್ಲಿ ಹಾಗೇ ಉಳಿಯಿತು.

ಮುಂದೆ ಹೋಗುವ ಮೊದಲು ಹಗ್ಗದ ಕಟ್ಟು ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ನಾರನ್ನು ಹೊಸೆದರೆ ಹುರಿ. ಹಲವು ಹುರಿಗಳನ್ನು ಸೇರಿಸಿ ತಿರುಚಿದರೆ ಎಳೆ. ಮೂರು ಎಳೆ ಸೇರಿದರೆ ಹಗ್ಗ. ಹುರಿಯನ್ನು ಬಲಕ್ಕೆ ತಿರುಚಿದ್ದರೆ ಎಳೆಯನ್ನು ಎಡಕ್ಕೆ ತಿರುಚಬೇಕು, ಹಗ್ಗವನ್ನು ಮತ್ತೆ ಬಲಕ್ಕೆ. ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗಿಯುತ್ತದೆ. ಹಾಗಾಗಿ ಗಂಟು ಹಾಕದಿದ್ದರೂ ಹಗ್ಗ ಹಗ್ಗವಾಗಿಯೇ ಉಳಿಯುತ್ತದೆ. ಎಲ್ಲವನ್ನೂ ಒಂದೇ ಕಡೆಗೆ ತಿರುಚಿ ಕೈಬಿಟ್ಟು ನೋಡಿ, ಗಿರ್ರನೆ ತಿರುಗಿ ಬಿಚ್ಚಿಕೊಳ್ಳುತ್ತದೆ. ಇಷ್ಟು ಮನುಷ್ಯರಿಗೆ ಸಾವಿರಾರು ವರ್ಷಗಳಿಂದ ಗೊತ್ತಿತ್ತು. ಇದಕ್ಕೆ ಯಂತ್ರ ಬೇಕಿರಲಿಲ್ಲ.

ತೊಂದರೆ ಶುರುವಾಗುವುದು ಹಗ್ಗ ದಪ್ಪ ಆದಾಗ. ಒಂದು ಎಳೆ 4 ಸೆಂ.ಮೀ. ದಪ್ಪ ಇದೆ, 20 ಸೆಂ.ಮೀ. ಉದ್ದಕ್ಕೆ ಒಂದು ಪೂರ್ತಿ ಸುತ್ತು ತಿರುಚಿದೆ ಅಂದುಕೊಳ್ಳಿ. ನಟ್ಟನಡುವೆ ಇರುವ ಹುರಿ ನೇರವಾಗಿ ಹೋಗುತ್ತದೆ. ಅದಕ್ಕೆ 20 ಸೆಂ.ಮೀ. ಸಾಕು. ಹೊರಗಿನ ಹುರಿ ಬಳ್ಳಿಯ ಹಾಗೆ ಸುತ್ತಿಕೊಂಡು ಹೋಗಬೇಕು. ಅದಕ್ಕೆ ಸುಮಾರು 23.5 ಸೆಂ.ಮೀ. ಬೇಕು. ಇದೇ ಲೆಕ್ಕದಲ್ಲಿ 100 ಮೀಟರ್ ಎಳೆಗೆ ಹೊರಗಿನ ಹುರಿ 17-18 ಮೀಟರ್ ಜಾಸ್ತಿ ಉದ್ದ ಇರಬೇಕು. ಆದರೆ ಕೈಯಲ್ಲಿ ಹೊಸೆಯುವಾಗ ನಾವು ಏನು ಮಾಡುತ್ತೇವೆ? ಎಲ್ಲ ಹುರಿಗಳನ್ನೂ ಒಂದೇ ಉದ್ದಕ್ಕೆ ಚಾಚಿ, ಎರಡು ತುದಿ ಕಟ್ಟಿ, ಆಮೇಲೆ ತಿರುಚುತ್ತೇವೆ. ಹೊರಗಿನವಕ್ಕೆ ಉದ್ದ ಸಾಲದೆ ಬಿಗಿಯುತ್ತವೆ. ಒಳಗಿನವು ಉದ್ದ ಮಿಕ್ಕಿ ಸುಕ್ಕಾಗುತ್ತವೆ. ಭಾರ ಬಿದ್ದಾಗ ಮೊದಲು ಹೊರಗಿನವೇ ಹೊರಬೇಕು. ಅವು ತುಂಡಾಗುವವರೆಗೆ ಒಳಗಿನವು ಕೆಲಸಕ್ಕೇ ಬರುವುದಿಲ್ಲ. ನೂರು ಹುರಿಯ ಹಗ್ಗ ಅಂತ ನೋಡುವವರಿಗೆ ಕಾಣುತ್ತದೆ, ಆದರೆ ಒಂದು ಹೊತ್ತಿಗೆ ಎಳೆಯುತ್ತಿರುವುದು ಅದರಲ್ಲಿ ಕೆಲವೇ ಹುರಿಗಳು.

ಮನೆಯಲ್ಲೇ ಮಾಡಿ ನೋಡಬಹುದು. ಆರು ಬಿಳಿ ಸುತಳಿ, ಒಂದು ಬಣ್ಣದ ಸುತಳಿ ತೆಗೆದುಕೊಳ್ಳಿ. ಎಲ್ಲ ಒಂದೇ ಅಳತೆಯವು, ಎರಡು ಮೀಟರ್ ಇರಲಿ. ಬಣ್ಣದ್ದನ್ನು ನಡುವೆ ಇಟ್ಟು ಎರಡೂ ತುದಿ ಗಂಟು ಹಾಕಿ. ಒಬ್ಬರು ಹಿಡಿದುಕೊಳ್ಳಲಿ, ಇನ್ನೊಬ್ಬರು ತಿರುಚುತ್ತಾ ಹೋಗಲಿ. ಸ್ವಲ್ಪ ಹೊತ್ತಿಗೆ ನಡುವಿನ ಬಣ್ಣದ ದಾರ ಜಾಗ ಸಾಲದೆ ಅಲ್ಲಲ್ಲಿ ಕೊಕ್ಕೆಯ ಹಾಗೆ ಹೊರಗೆ ಇಣುಕುತ್ತದೆ. ನಾನು ಹೇಳಿದ್ದೆಲ್ಲಾ ನಿಮ್ಮ ಕಣ್ಣಿಗೇ ಕಾಣುತ್ತದೆ.

ಈಗ ಹೆಸರುಗಳಿಗೆ ಬರೋಣ. ಹಗ್ಗದ ಯಂತ್ರಕ್ಕೆ ಒಬ್ಬನೇ ತಂದೆ ಇಲ್ಲ. ವಿದ್ಯುತ್ತು, ಮೋಟಾರು ಯಾವುದೂ ಇಲ್ಲದ ಕಾಲದ ಇಂಗ್ಲೆಂಡಿನಲ್ಲಿ ಎರಡು ವರ್ಷದ ಒಳಗೆ ಇಬ್ಬರು ಪೇಟೆಂಟ್ ಪಡೆದರು. ಮೊದಲನೆಯವನು ಎಡ್ಮಂಡ್ ಕಾರ್ಟ್‌ರೈಟ್. ಯಂತ್ರದ ಮಗ್ಗ ಮಾಡಿದ ಪಾದ್ರಿ ಅಂತ ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಿ. ಅವನೇ 1792ರಲ್ಲಿ ಕಾರ್ಡೆಲಿಯರ್ ಅನ್ನುವ ಹಗ್ಗದ ಯಂತ್ರಕ್ಕೆ ಪೇಟೆಂಟ್ ಪಡೆದ. ಹುರಿ ಸುತ್ತಿದ ಉರುಳೆಗಳನ್ನೆಲ್ಲ ಒಂದು ಚೌಕಟ್ಟಿನಲ್ಲಿ ಕೂರಿಸಿ, ಆ ಚೌಕಟ್ಟನ್ನೇ ತಿರುಗಿಸಿ ಹಗ್ಗ ಹೊಸೆಯುವ ಉಪಾಯ ಅದು. ಹಗ್ಗ ಒಂದು ಕಡೆಯಿಂದ ಬರುತ್ತಾ ಇರುತ್ತದೆ, ಸುತ್ತಿಕೊಳ್ಳುತ್ತಾ ಇರುತ್ತದೆ. ಉದ್ದ ಜಾಗವೇ ಬೇಡ.

ಜಾಗ ಉಳಿಸುವುದು ಅಂದರೆ ಆಗ ಸಣ್ಣ ಮಾತಲ್ಲ. ಹಡಗಿಗೆ ಬೇಕಾದ ಹಗ್ಗವನ್ನು ನಡುವೆ ಜೋಡಿಸದೆ ಒಂದೇ ಉದ್ದಕ್ಕೆ ಹೊಸೆಯಬೇಕು. ತಿರುಚುವಾಗ ಉದ್ದದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕರಗುತ್ತದೆ. 200 ಮೀಟರ್ ಹಗ್ಗ ಬೇಕಾದರೆ 300 ಮೀಟರ್ ಹುರಿ ಚಾಚಬೇಕು. ಅದಕ್ಕೇ ಚ್ಯಾಟಮ್ ಎಂಬ ಊರಿನ ನೌಕಾಪಡೆಯ ಹಡಗುಕಟ್ಟೆಯಲ್ಲಿ ಹಗ್ಗ ಹೊಸೆಯಲೆಂದೇ 346 ಮೀಟರ್ ಉದ್ದದ ಇಟ್ಟಿಗೆ ಕಟ್ಟಡ ಕಟ್ಟಿದರು. ಈ ತುದಿಯಿಂದ ಆ ತುದಿಯ ಮನುಷ್ಯ ಚುಕ್ಕಿಯಷ್ಟು ಕಾಣುತ್ತಾನೆ. ಅದೇ ಚ್ಯಾಟಮ್‌ನಲ್ಲಿ ಕಟ್ಟಿದ ವಿಕ್ಟರಿ ಎಂಬ ಯುದ್ಧನೌಕೆಯ ಪಟ, ಕಂಬಗಳಿಗೆ ಸುಮಾರು 42 ಕಿ.ಮೀ. ಹಗ್ಗ ಬೇಕಿತ್ತು. ಒಂದೇ ಹಡಗಿಗೆ!

ಎರಡನೆಯವನು ಜೋಸೆಫ್ ಹಡ್ಡಾರ್ಟ್. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಇವನೇ. ಹುಟ್ಟಿದ್ದು 1741ರಲ್ಲಿ, ಕಂಬರ್‌ಲ್ಯಾಂಡಿನ ಅಲನ್‌ಬಿ ಎಂಬ ಕಡಲ ದಂಡೆಯ ಊರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕಪ್ತಾನನಾಗಿ ಹಲವು ಸಲ ಈ ಕಡೆಗೆ ಬಂದವನು. ಮುಂಬೈಯಿಂದ ಗೋದಾವರಿ ಕಡಲು ಸೇರುವ ಜಾಗದವರೆಗೆ ತೀರದ ಅಳತೆ ಮಾಡಿದ. ಅಂದರೆ ಕಾರವಾರ, ಹೊನ್ನಾವರ, ಮಂಗಳೂರಿನ ಮುಂದೆಯೇ ಅವನ ದಾರಿ. ಬಹಳ ಸೂಕ್ಷ್ಮ ಕಣ್ಣಿನ ಮನುಷ್ಯ. ಹಗ್ಗಕ್ಕೆ ಸಂಬಂಧವಿಲ್ಲದಿದ್ದರೂ ಒಂದು ವಿಷಯ ಹೇಳಬೇಕು. ಕೆಲವರಿಗೆ ಬಣ್ಣಗಳ ಭೇದ ತಿಳಿಯುವುದಿಲ್ಲ ಅನ್ನುವುದನ್ನು ವಿವರವಾಗಿ ಬರೆದ ಮೊದಲಿಗರಲ್ಲಿ ಇವನೂ ಒಬ್ಬ. ಹಣ್ಣಿನ ಮತ್ತು ಎಲೆಯ ಬಣ್ಣ ಬೇರೆ ಮಾಡಲಾಗದೆ ಆಕಾರ ನೋಡಿ ಗುರುತಿಸುತ್ತಿದ್ದ ಒಬ್ಬ ಚಮ್ಮಾರನ ಬಗ್ಗೆ 1777ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಪತ್ರ ಬರೆದ. ಎಲ್ಲರೂ ನೋಡಿಯೂ ಬಿಟ್ಟುಬಿಡುವುದನ್ನು ಇವನು ಬಿಡುತ್ತಿರಲಿಲ್ಲ.

ಇವನ ಹಡಗಿನಲ್ಲೂ ನಮ್ಮ ತೋಟದಲ್ಲಿ ಆದದ್ದೇ ಆಯಿತು. ಲಂಗರು ಎತ್ತಿದಾಗ ಅದರ ದಪ್ಪ ಹಗ್ಗದ ಹೊರಗಿನ ಹುರಿಗಳು ತುಂಡಾಗಿದ್ದವು. ಲಂಗರಿನ ಹಗ್ಗ ಹರಿದರೆ ಹಡಗು ಬಂಡೆಗೆ ಬಡಿಯಬಹುದು, ಜನ ಸಾಯಬಹುದು. ಬೇರೆಯವರಾಗಿದ್ದರೆ ನಾರು ಕಳಪೆ ಎಂದೋ, ಹೊಸೆದವರು ಸೋಮಾರಿಗಳೆಂದೋ ಬೈದು ಇನ್ನೂ ದಪ್ಪದ ಹಗ್ಗ ತರಿಸುತ್ತಿದ್ದರು. ಹಡ್ಡಾರ್ಟ್ ತಪ್ಪು ನಾರಿನದಲ್ಲ, ಹೊಸೆಯುವ ಕ್ರಮದ್ದು ಅಂತ ಕಂಡುಕೊಂಡ. 1793ರಲ್ಲಿ ಅವನು ಪಡೆದ ಪೇಟೆಂಟಿನಲ್ಲೇ ಈ ಮಾತಿದೆ: ಎಳೆತವನ್ನು ಹುರಿಗಳ ಮೇಲೆ ಹೆಚ್ಚು ಸಮನಾಗಿ ಹಂಚಿ ಹಗ್ಗದ ಬಲ ಹೆಚ್ಚಿಸುವ ಹೊಸ ವಿಧಾನ.

ಅವನ ಉಪಾಯ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಹುರಿಗಳನ್ನು ಮೊದಲೇ ಒಂದೇ ಉದ್ದಕ್ಕೆ ಕತ್ತರಿಸುವುದೇ ಬೇಡ. ಪ್ರತಿ ಹುರಿಗೂ ಅದರದೇ ಒಂದು ಉರುಳೆ ಕೊಡಿ. ಮುಂದೆ ಒಂದು ಕಬ್ಬಿಣದ ತಟ್ಟೆ. ಅದರಲ್ಲಿ ರಂಗೋಲಿಯ ಚುಕ್ಕಿಗಳ ಹಾಗೆ ತೂತುಗಳು, ಒಂದರ ಸುತ್ತ ಒಂದು ವೃತ್ತ. ನಡುವೆ 1 ಇದ್ದರೆ ಅದರ ಸುತ್ತ 6, ಅದರಾಚೆ 12, ಅದರಾಚೆ 18 ಹೀಗೆ ಬೆಳೆಯಬಹುದು. ಒಂದೊಂದು ತೂತಿನಲ್ಲಿ ಒಂದೊಂದು ಹುರಿ. ತಟ್ಟೆ ದಾಟಿದ ಮೇಲೆ ಎಲ್ಲವೂ ಎಳೆಯಷ್ಟೇ ದಪ್ಪದ ಒಂದು ಕೊಳವೆಯೊಳಗೆ ನುಗ್ಗಬೇಕು. ಆಚೆ ಕಡೆಯಿಂದ ಯಂತ್ರ ಅವನ್ನು ತಿರುಚುತ್ತಾ ಎಳೆಯುತ್ತದೆ.

ಇದರಿಂದ ಆಗುವುದು ಏನು ಗೊತ್ತಾ? ತಟ್ಟೆಯ ಕಾರಣ ಯಾವ ಹುರಿ ಒಳಗೆ, ಯಾವುದು ಹೊರಗೆ ಅನ್ನುವುದು ಮೊದಲಿಂದ ಕೊನೆವರೆಗೂ ಬದಲಾಗುವುದಿಲ್ಲ. ನಡುವಿನ ಹುರಿ ತನ್ನ ಉರುಳೆಯಿಂದ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಹೊರಗಿನದು ಬೇಗ ಬಿಚ್ಚಿಕೊಳ್ಳುತ್ತದೆ. ಯಾವುದಕ್ಕೆ ಎಷ್ಟು ಉದ್ದ ಬೇಕೋ ಅಷ್ಟನ್ನು ಅದೇ ಎಳೆದುಕೊಳ್ಳುತ್ತದೆ. ಯಾರೂ ಲೆಕ್ಕ ಹಾಕಿ ಕೊಡಬೇಕಿಲ್ಲ. ಕೊಳವೆ ಎಲ್ಲವನ್ನೂ ಒತ್ತಿ ದುಂಡಗೆ ಮಾಡುತ್ತದೆ, ನಡುವೆ ಪೊಳ್ಳು ಉಳಿಯುವುದಿಲ್ಲ. ಭಾರ ಬಿದ್ದಾಗ ನಡುವಿನದೂ ಅಂಚಿನದೂ ಒಟ್ಟಿಗೇ ಎಳೆಯುತ್ತವೆ. ತೂತು ಕೊರೆದ ಒಂದು ತಟ್ಟೆ, ಒಂದು ಕೊಳವೆ. ಇದಕ್ಕಿಂತ ಚೆಂದದ ಯಂತ್ರಭಾಗವನ್ನು ನಾನು ಇನ್ನೂ ನೋಡಿಲ್ಲ.

ಹಡ್ಡಾರ್ಟ್ ಲಂಡನ್ನಿನ ಲೈಮ್‌ಹೌಸಿನಲ್ಲಿ ಸ್ವಂತ ಕಾರ್ಖಾನೆಯನ್ನೇ ಹಾಕಿದ. ಉಗಿಯಂತ್ರದಿಂದ ನಡೆಸಿದ. 1816ರಲ್ಲಿ ತೀರಿಕೊಂಡ. ಚ್ಯಾಟಮ್‌ನಲ್ಲಿ ಹೆನ್ರಿ ಮಾಡ್ಸ್ಲೇ ಎಂಬ ಇಂಜಿನಿಯರ್ 1811ರಲ್ಲಿ ಮಾಡಿದ ಯಂತ್ರದಿಂದ ಇವತ್ತಿಗೂ ಹಗ್ಗ ಹೊಸೆಯುತ್ತಾರೆ. ಅಲ್ಲಿ ಆ ಉದ್ದ ಕಟ್ಟಡವನ್ನೂ ಬಿಡಲಿಲ್ಲ, ತಟ್ಟೆಯನ್ನೂ ಬಿಡಲಿಲ್ಲ. ಉರುಳೆಗಳಿಂದ ಬಂದ ಹುರಿಗಳು ತೂತಿನ ತಟ್ಟೆ ದಾಟುತ್ತವೆ. ಹಳಿಯ ಮೇಲೆ ಓಡುವ ಯಂತ್ರ ಅವನ್ನು ತಿರುಚುತ್ತಾ ಕಟ್ಟಡದ ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ.

ನಮ್ಮ ಕಡೆ ತೆಂಗಿನ ನಾರಿನ ಘಟಕಗಳಲ್ಲಿ ನೀವು ನೋಡಿರಬಹುದಾದ ಮೋಟಾರು ರಾಟೆಯನ್ನು ಇದರ ಜೊತೆ ಬೆರೆಸಬೇಡಿ. ಅದು ನಾರಿನಿಂದ ಹುರಿ ಮಾಡುವ ಯಂತ್ರ. ಮೊದಲು ಒಬ್ಬರು ರಾಟೆ ತಿರುಗಿಸಬೇಕಿತ್ತು, ಇಬ್ಬರು ಮಡಿಲಲ್ಲಿ ನಾರು ಕಟ್ಟಿಕೊಂಡು ಹಿಂದಕ್ಕೆ ನಡೆಯುತ್ತಾ ಹುರಿ ಬಿಡುತ್ತಿದ್ದರು. ಮೋಟಾರು ಬಂದ ಮೇಲೆ ತಿರುಗಿಸುವವರ ಕೈ ಉಳಿಯಿತು. ಹೆಂಗಸರೇ ಜಾಸ್ತಿ ಮಾಡುವ ಕೆಲಸ ಅದು, ದಿನಕ್ಕೆ ಎಷ್ಟು ಕಿಲೋಮೀಟರ್ ಹಿಂದೆ ಹಿಂದೆ ನಡೆಯುತ್ತಿದ್ದರೋ. ಹಡ್ಡಾರ್ಟ್ ಬಿಡಿಸಿದ್ದು ಇದರ ಮುಂದಿನ ಹಂತದ ಗಂಟನ್ನು, ಹುರಿಗಳು ಎಳೆಯಾಗುವಾಗ ಬರುವುದನ್ನು. ತೆಳು ಹಗ್ಗ ಮಾಡುವುದಾದರೆ ನಿಮಗೆ ತಟ್ಟೆಯ ಚಿಂತೆ ಬೇಡ. ಮೂರ್ನಾಲ್ಕು ಹುರಿಯ ಎಳೆಯಲ್ಲಿ ಎಲ್ಲವೂ ಹೊರಗಿನವೇ, ನಡುವೆ ಅಂತ ಯಾವುದೂ ಇರುವುದಿಲ್ಲ. ತಾತನ ಕಣ್ಣಿಗಳು ವರ್ಷಗಟ್ಟಲೆ ಬಾಳಿದ್ದು, ಮರ ಎಳೆಯುವ ಹಗ್ಗ ಮಾತ್ರ ಕೈಕೊಟ್ಟಿದ್ದು ಇದಕ್ಕೇ. ಇದು ನನಗೆ ಅರ್ಥವಾಗುವ ಹೊತ್ತಿಗೆ ಎಷ್ಟೋ ವರ್ಷ ಆಗಿತ್ತು.

ನಾನು ಈಗ ಬೆಂಗಳೂರಿನಲ್ಲಿ ಲಿಫ್ಟ್ ರಿಪೇರಿ ಕೆಲಸ ಮಾಡುತ್ತೇನೆ. ದಿನಾ ಕೈಯಲ್ಲಿ ಹಿಡಿಯುವುದು ಉಕ್ಕಿನ ಹಗ್ಗ. ಅದನ್ನು ಹೊಸೆಯುವ ಯಂತ್ರದಲ್ಲೂ ಪ್ರತಿ ತಂತಿಗೆ ಒಂದೊಂದು ಉರುಳೆ ಇರುತ್ತದೆ, ಮುಂದೆ ತೂತಿನ ತಟ್ಟೆ, ಅದರ ಮುಂದೆ ಎಲ್ಲವನ್ನೂ ಒತ್ತಿ ಹಿಡಿಯುವ ಅಚ್ಚು. ನಾರು ಹೋಗಿ ಉಕ್ಕು ಬಂದಿದೆ, ಅಷ್ಟೆ. ನಮ್ಮಲ್ಲಿ ಬಳಸುವ ಒಂದು ಜಾತಿಯ ಹಗ್ಗದಲ್ಲಿ 8 ಎಳೆ, ಒಂದೊಂದು ಎಳೆಯಲ್ಲಿ 19 ತಂತಿ. ನಡುವೆ 1, ಅದರ ಸುತ್ತ 9 ಸಣ್ಣವು, ಹೊರಗೆ 9 ದಪ್ಪದವು.

ತಾತ ಇದ್ದಾಗ ಒಂದು ಸಲ ಬದಲಾಯಿಸಿದ ಹಳೆ ಹಗ್ಗದ ಗೇಣುದ್ದ ತುಂಡನ್ನು ಊರಿಗೆ ತೆಗೆದುಕೊಂಡು ಹೋಗಿದ್ದೆ. ಇಕ್ಕಳ ಕೇಳಿ ತೆಗೆದುಕೊಂಡು ಅದೇ ಜಗಲಿಯಲ್ಲಿ ಕೂತು ಒಂದೊಂದೇ ಎಳೆ ಬಿಡಿಸಿದರು. ಎಂಟೂ ಎಳೆ ಬಿಚ್ಚಿದ ಮೇಲೆ ನಟ್ಟನಡುವೆ ಎಣ್ಣೆ ಕುಡಿದ ನಾರಿನ ಹಗ್ಗ ಸಿಕ್ಕಿತು. ನಮ್ಮ ಬೇಲಿಯ ಕತ್ತಾಳೆಯ ಜಾತಿಗೇ ಸೇರಿದ ಗಿಡದ ನಾರು ಅದು. ಸುತ್ತಲಿನ ಉಕ್ಕಿಗೆ ಮೆತ್ತೆಯಾಗಿದ್ದು, ಒಳಗಿನಿಂದ ಎಣ್ಣೆ ಒಸರುತ್ತಾ ಇರಲಿ ಅಂತ ಇಟ್ಟಿರುತ್ತಾರೆ. ತಾತ ಅದನ್ನು ಮೂಸಿ ನೋಡಿದರು. ಎರಡು ಬೆರಳಲ್ಲಿ ಹಿಡಿದು ಯಾವ ಕಡೆಗೆ ತಿರುಚಿದ್ದಾರೆ ಅಂತ ನೋಡಿದರು. ಆಮೇಲೆ ತಂತಿಗಳನ್ನು ಒಂದೊಂದಾಗಿ ನೆಲದ ಮೇಲೆ ಸಾಲಾಗಿ ಇಟ್ಟು, ನಡುವಿನದು ಎಷ್ಟು ಉದ್ದ, ಹೊರಗಿನದು ಎಷ್ಟು ಉದ್ದ ಅಂತ ಗೇಣು ಹಾಕಿ ಅಳೆಯಲು ಶುರುಮಾಡಿದರು.