ಅಮ್ಮನಿಗೆ ಬೆಟಾಡಿನ್ ಆಗಲ್ಲ, ಆಪರೇಷನ್‌ಗೆ ಏನು ಹಚ್ಚಬೇಕು?

ಪ್ರಶ್ನೆ: ಮೇಡಂ, ನಮ್ಮ ಅಮ್ಮನಿಗೆ 51 ವರ್ಷ. ಗರ್ಭಕೋಶ ತೆಗೆಯಬೇಕು ಅಂದಿದ್ದಾರೆ. ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ತೆಗೆಯುತ್ತಾರಂತೆ. ಹಿಂದೆ ಹರ್ನಿಯಾ ಆಪರೇಷನ್ ಆದಾಗ ಹೊಟ್ಟೆಗೆ ಬೆಟಾಡಿನ್ ಹಚ್ಚಿದ್ದರು. ಮರುದಿನ ನೋಡಿದರೆ ಸೊಂಟದ ಹಿಂದೆಲ್ಲ ಕೆಂಪಾಗಿ, ಸುಟ್ಟ ಹಾಗೆ ಆಗಿತ್ತು. ಅಮ್ಮನಿಗೆ ಸಿಗಡಿ ತಿಂದರೂ ಮೈ ತುರಿಸುತ್ತದೆ. ಸಿಗಡಿಯಲ್ಲಿ ಅಯೋಡಿನ್ ಇರುತ್ತೆ, ಬೆಟಾಡಿನ್‌ನಲ್ಲೂ ಅದೇ ಇರುತ್ತೆ, ಅದಕ್ಕೇ ಆಗಲ್ಲ ಅಂತ ಚಿಕ್ಕಮ್ಮ ಹೇಳುತ್ತಾರೆ. ಯಾವುದು ಹಚ್ಚಿದರೆ ಸೇಫ್? 
– ಓದುಗರು, ಕುಂದಾಪುರ

ಉತ್ತರ: ಸಿಗಡಿ ವಿಷಯ ಮೊದಲು ಬಿಟ್ಟುಬಿಡಿ. ಸಿಗಡಿ ತಿಂದು ಮೈ ತುರಿಸುವುದು ಅದರ ಮಾಂಸದಲ್ಲಿರುವ ಪ್ರೋಟೀನ್‌ನಿಂದ. ಅಯೋಡಿನ್‌ನಿಂದ ಅಲ್ಲ. ಅಯೋಡಿನ್ ಇರುವ ಉಪ್ಪನ್ನು ನಿಮ್ಮ ಅಮ್ಮ ದಿನಾ ತಿನ್ನುತ್ತಿದ್ದಾರೆ, ಏನೂ ಆಗಿಲ್ಲ ಅಲ್ವಾ? ಮೀನು, ಸಿಗಡಿ ಆಗದವರಿಗೆ ಬೆಟಾಡಿನ್ ಹಚ್ಚಬಾರದು ಅನ್ನುವುದು ತುಂಬಾ ಹಳೆಯ ತಪ್ಪು ತಿಳಿವಳಿಕೆ. ಕೆಲವು ಆಸ್ಪತ್ರೆಗಳಲ್ಲೂ ಇದು ಇನ್ನೂ ಹೋಗಿಲ್ಲ.

ಈಗ ಸೊಂಟದ ವಿಷಯ. ಔಷಧ ಹಚ್ಚಿದ್ದು ಹೊಟ್ಟೆಗೆ, ಕೆಂಪಾಗಿದ್ದು ಸೊಂಟದ ಹಿಂದೆ. ಇದು ದೊಡ್ಡ ಸುಳಿವು. ಧಾರಾಳವಾಗಿ ಸುರಿದ ಬೆಟಾಡಿನ್ ಪಕ್ಕದಿಂದ ಇಳಿದು ಬೆನ್ನಿನ ಕೆಳಗೆ ನಿಂತಿರುತ್ತದೆ. ಒಂದೆರಡು ಗಂಟೆ ರೋಗಿ ಆ ಒದ್ದೆ ಬಟ್ಟೆಯ ಮೇಲೇ ಮಲಗಿದ್ದರೆ ಚರ್ಮ ಸುಟ್ಟ ಹಾಗೆ ಆಗುತ್ತದೆ. ಅದು ಬಹುಪಾಲು ಅಲರ್ಜಿ ಅಲ್ಲ, ಔಷಧ ಒಣಗದೆ ನಿಂತಿದ್ದರಿಂದ ಆದ ಗಾಯ. ನಿಜವಾದ ಅಲರ್ಜಿಯಾದರೆ ಹಚ್ಚಿದ ಜಾಗದಲ್ಲೂ ಕಾಣಬೇಕು. ಜೋರಿನದಾದರೆ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು ಏಳುತ್ತದೆ, ಮುಖ ಊದುತ್ತದೆ, ಉಸಿರು ಕಟ್ಟುತ್ತದೆ, ಬಿಪಿ ಇಳಿಯುತ್ತದೆ. ಬೆಟಾಡಿನ್‌ಗೆ ಹಾಗೆ ಆಗುವುದು ಬಹಳ ಅಪರೂಪ. ಆದರೂ ನಾನು ಪತ್ರ ನೋಡಿ ಅಲರ್ಜಿ ಇಲ್ಲ ಅಂತ ಬರೆದುಕೊಡಲಾರೆ. ಹೊಟ್ಟೆಯ ಚರ್ಮ ಆವತ್ತು ಹೇಗಿತ್ತು ಅಂತ ಅಮ್ಮನನ್ನೇ ಕೇಳಿ, ಇದ್ದದ್ದು ಇದ್ದ ಹಾಗೆ ಡಾಕ್ಟರಿಗೆ ಹೇಳಿ. ಅನುಮಾನ ಉಳಿದರೆ ಚರ್ಮದ ಡಾಕ್ಟರ್ ಪ್ಯಾಚ್ ಟೆಸ್ಟ್ ಮಾಡಿ, ಅಂದರೆ ಔಷಧವನ್ನು ಸ್ವಲ್ಪ ಚರ್ಮಕ್ಕೆ ಅಂಟಿಸಿ ನೋಡುತ್ತಾರೆ.

ಇನ್ನು ಯಾವುದು ಸೇಫ್ ಅನ್ನುವ ಪ್ರಶ್ನೆ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಹೊಟ್ಟೆಯ ಚರ್ಮ ಬೇರೆ, ಯೋನಿಯ ಒಳಭಾಗ ಬೇರೆ. ಹೊಟ್ಟೆಗೆ ಅತ್ಯುತ್ತಮ ಅನ್ನಿಸಿಕೊಂಡ ಔಷಧವೇ ಒಳಗೆ ಹೋದರೆ ಸುಡಬಹುದು. ಹೊಟ್ಟೆಗೆ ಈಗ ಜಾಸ್ತಿ ಬಳಸುವುದು 70 ಶೇಕಡಾ ಸ್ಪಿರಿಟ್‌ನಲ್ಲಿ ಕಲಸಿದ 2 ಶೇಕಡಾ ಕ್ಲೋರ್‌ಹೆಕ್ಸಿಡಿನ್. ಅಷ್ಟು ಸ್ಪಿರಿಟ್ ಇರುವುದನ್ನು ಯೋನಿಯೊಳಗೆ ಹಾಕಲೇಬಾರದು. ಅಲ್ಲಿಗೆ ಮೊದಲಿನಿಂದ ಬಳಕೆಯಲ್ಲಿರುವುದು ನೀರಿನಲ್ಲಿ ಕಲಸಿದ ಬೆಟಾಡಿನ್. ಅಮೆರಿಕದ ಔಷಧ ಇಲಾಖೆ ಆ ಜಾಗಕ್ಕೆ ಅಂತ ಒಪ್ಪಿಗೆ ಕೊಟ್ಟಿರುವುದೂ ಪೊವಿಡೋನ್ ಅಯೋಡಿನ್‌ಗೇ, ಅಂದರೆ ಇದಕ್ಕೇ. ಬೆಟಾಡಿನ್ ನಿಜಕ್ಕೂ ಆಗದವರಿಗೆ 4 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಬಳಸಬಹುದು, ಅದರಲ್ಲಿ ಸ್ಪಿರಿಟ್ ಸುಮಾರು 4 ಶೇಕಡಾ ಮಾತ್ರ ಇರಬೇಕು. ಅಮೆರಿಕದ ಸ್ತ್ರೀರೋಗ ತಜ್ಞರ ಸಂಘವೂ ಇದಕ್ಕೆ ಸೈ ಅಂದಿದೆ. ಹಾಗಾಗಿ ಬೆಟಾಡಿನ್ ಆಗಲ್ಲ ಅಂತ ಆಪರೇಷನ್ ನಿಲ್ಲುವುದಿಲ್ಲ, ಧೈರ್ಯವಾಗಿರಿ.

ಆದರೆ ಕ್ಲೋರ್‌ಹೆಕ್ಸಿಡಿನ್ ಅಂದರೆ ಯಾರಿಗೂ ಏನೂ ಆಗಲ್ಲ ಅಂದುಕೊಳ್ಳಬೇಡಿ. ಅದಕ್ಕೂ ಜೋರು ಅಲರ್ಜಿ ಆದವರಿದ್ದಾರೆ, 2017ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆಯನ್ನೂ ಕೊಟ್ಟಿತ್ತು. ಹಲ್ಲಿನ ಡಾಕ್ಟರ್ ಬಾಯಿ ಮುಕ್ಕಳಿಸಲು ಕೊಟ್ಟ ಔಷಧದಿಂದ ಅಮ್ಮನಿಗೆ ಯಾವತ್ತಾದರೂ ತುಟಿ ಊದಿತ್ತಾ ಅಂತ ಕೇಳಿ ನೋಡಿ. ಅದರಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ. ಮೂತ್ರದ ನಳಿಕೆ ಹಾಕುವಾಗ ಹಚ್ಚುವ ಕೆಲವು ಜೆಲ್‌ಗಳಲ್ಲೂ ಇರುತ್ತದೆ. ಚರ್ಮಕ್ಕೆ ಹಚ್ಚದೆ ಬಿಟ್ಟು, ಜೆಲ್ ಮೂಲಕ ಒಳಗೆ ಕಳಿಸಿದರೆ ಏನು ಪ್ರಯೋಜನ?

ಅರಿವಳಿಕೆ ಡಾಕ್ಟರ್ ಆಪರೇಷನ್‌ಗೆ ಮುಂಚೆ ಪರೀಕ್ಷೆ ಮಾಡಲು ಕರೆಯುತ್ತಾರಲ್ಲ, ಆವತ್ತೇ ಇದನ್ನೆಲ್ಲ ಹೇಳಿ. ಸುಮ್ನೆ 'ಅಲರ್ಜಿ ಇದೆ' ಅಂದರೆ ಸಾಲದು. ಏನು ಹಚ್ಚಿದಾಗ, ಎಲ್ಲಿ, ಎಷ್ಟು ಹೊತ್ತಿಗೆ, ಏನಾಯಿತು ಅಂತ ಕೇಸ್ ಶೀಟ್‌ನಲ್ಲಿ ಬರೆಸಿ. ಮೈ ಕೆಳಗೆ ಔಷಧ ನಿಲ್ಲದ ಹಾಗೆ ನೋಡಿಕೊಳ್ಳಿ, ಒದ್ದೆಯಾದ ಬಟ್ಟೆ ತೆಗೆಯಿರಿ ಅಂತಲೂ ಕೇಳಿ. ಹೀಗೆ ಕೇಳುವುದು ಅಧಿಕಪ್ರಸಂಗ ಅಲ್ಲ.

ಪ್ರಶ್ನೆ: ನಾನು ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸಿಸೇರಿಯನ್‌ಗೆ ಮೊದಲಿನಿಂದಲೂ ಬೆಟಾಡಿನ್ನೇ. ಈಗ ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಬಂದಿದೆ. ಯಾವುದು ಒಳ್ಳೆಯದು? ಸ್ಪಿರಿಟ್‌ನಿಂದ ಬೆಂಕಿ ಹತ್ತುತ್ತೆ ಅಂತ ಕೆಲವರು ಹೆದರಿಸುತ್ತಾರೆ. 
– ಓದುಗರು, ಶಿರಸಿ

ಉತ್ತರ: ಸಿಸ್ಟರ್, ಬೆಂಕಿಯ ಭಯ ಸುಳ್ಳಲ್ಲ. ಅದಕ್ಕೆ ಆಮೇಲೆ ಬರ್ತೀನಿ.

2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸಿಸೇರಿಯನ್ ಆದ 1,147 ಹೆಂಗಸರನ್ನು ಎರಡು ಗುಂಪು ಮಾಡಿದ್ದರು. ಸ್ಪಿರಿಟ್ ಜೊತೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿದವರಲ್ಲಿ 4 ಶೇಕಡಾ ಜನರಿಗೆ, ಸ್ಪಿರಿಟ್ ಜೊತೆ ಅಯೋಡಿನ್ ಹಚ್ಚಿದವರಲ್ಲಿ 7.3 ಶೇಕಡಾ ಜನರಿಗೆ ಗಾಯದ ಸೋಂಕು ಆಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಆಪರೇಷನ್‌ಗೆ ಚರ್ಮ ಸಿದ್ಧ ಮಾಡಲು ಸ್ಪಿರಿಟ್ ಇರುವ ಕ್ಲೋರ್‌ಹೆಕ್ಸಿಡಿನ್ ಬಳಸಿ ಅಂದಿತು. ಆದರೆ 2024ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ದೊಡ್ಡ ಅಧ್ಯಯನದಲ್ಲಿ, ಹೃದಯ ಮತ್ತು ಹೊಟ್ಟೆಯ ಆಪರೇಷನ್‌ಗಳಲ್ಲಿ, ಎರಡೂ ಹೆಚ್ಚುಕಡಿಮೆ ಸಮ ಬಂದವು. ಅಲ್ಲಿ ಎರಡರಲ್ಲೂ ಸ್ಪಿರಿಟ್ ಇತ್ತು ಅನ್ನುವುದನ್ನು ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಹೊಟ್ಟೆಯ ಚರ್ಮಕ್ಕೆ ಸ್ಪಿರಿಟ್ ಇರುವುದೇ ಮೇಲು. ನಿಮ್ಮಲ್ಲಿ ಬಂದಿದೆ ಅಂದಮೇಲೆ ಬಳಸಿ.

ಬಳಸುವಾಗ ಮೂರು ನಿಮಿಷ ತಾನಾಗಿ ಒಣಗಲು ಬಿಡಿ. ಒರೆಸಬೇಡಿ. ಒಣಗದೆ ಕಾಟರಿ (ಕರೆಂಟ್ ಬಿಸಿಯಿಂದ ರಕ್ತ ನಿಲ್ಲಿಸುವ ಉಪಕರಣ) ಹಿಡಿದರೆ ಬೆಂಕಿ ಹತ್ತಬಹುದು, ಸ್ಪಿರಿಟ್ ಉರಿಯುವುದು ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಹೊಕ್ಕುಳಲ್ಲಿ, ತೊಡೆ ಸಂದಿಯಲ್ಲಿ, ಬೆನ್ನ ಕೆಳಗೆ ನಿಂತಿದೆಯಾ ನೋಡಿ. ಕೂದಲಿಗೆ ತಾಗಿದರೆ ಒಣಗಲು ಒಂದು ಗಂಟೆಯೇ ಬೇಕಾಗಬಹುದು, ಅದಕ್ಕೇ ಅಲ್ಲಿಗೆ ಹಚ್ಚಬೇಡಿ. ಮಗುವಿನ ಎದೆಬಡಿತ ಇಳಿಯುತ್ತಿದೆ, ಮೂರು ನಿಮಿಷ ಕಾಯುವ ಹಾಗಿಲ್ಲ ಅಂದಾಗ ನೀರಿನ ಬೆಟಾಡಿನ್ನೇ ಸರಿ.

ಸಿಸೇರಿಯನ್‌ಗೆ ಮುಂಚೆ ಯೋನಿಯನ್ನೂ ಬೆಟಾಡಿನ್‌ನಿಂದ ಅರ್ಧ ನಿಮಿಷವಾದರೂ ಒರೆಸಿದರೆ ಆಮೇಲೆ ಗರ್ಭಕೋಶದ ಒಳಗೆ ಸೋಂಕು ಆಗುವುದು ಕಡಿಮೆಯಾಗುತ್ತದೆ, ನೀರು ಒಡೆದು ಹೆರಿಗೆ ನೋವಿನಲ್ಲಿ ಬಂದವರಿಗಂತೂ ಲಾಭ ಜಾಸ್ತಿ. ಇದಕ್ಕೆ ಖರ್ಚೇ ಇಲ್ಲ. ಎಲ್ಲ ಕಡೆ ಮಾಡಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಇನ್ನೊಂದು ಮಾತು ಬಾಟಲಿ ಬಗ್ಗೆ. ಅರ್ಧ ಖಾಲಿಯಾದ ಬಾಟಲಿಗೆ ಮತ್ತೆ ಸುರಿದು ತುಂಬಿಸಬೇಡಿ. ನೀರು ಬೆರೆಸಿ ದಿನಗಟ್ಟಲೆ ಇಟ್ಟ ಔಷಧದಲ್ಲೇ ಬ್ಯಾಕ್ಟೀರಿಯಾ ಬೆಳೆದ ಉದಾಹರಣೆಗಳಿವೆ.

ಪ್ರಶ್ನೆ: ಲ್ಯಾಪರೋಸ್ಕೋಪಿಗೆ (ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಆಪರೇಷನ್) ಹೋಗುವ ಮುಂಚೆ ಮನೆಯಲ್ಲೇ ಶೇವ್ ಮಾಡಿಕೊಂಡು ಬನ್ನಿ ಅಂದಿದ್ದಾರೆ. ಮಾಡಬೇಕಾ? 
– ಓದುಗರು, ಕಲಬುರಗಿ

ಉತ್ತರ: ಬೇಡ. ಬ್ಲೇಡ್ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಮಾಡುತ್ತದೆ, ಅಲ್ಲಿ ಸೋಂಕು ಕೂರುತ್ತದೆ. ಕೂದಲು ಅಡ್ಡ ಬಂದರೆ ಆಸ್ಪತ್ರೆಯಲ್ಲೇ ಕ್ಲಿಪ್ಪರ್‌ನಿಂದ ಕತ್ತರಿಸಲಿ, ಇಲ್ಲದಿದ್ದರೆ ಹಾಗೇ ಇರಲಿ. ನೀವು ಹಿಂದಿನ ರಾತ್ರಿ ಅಥವಾ ಬೆಳಿಗ್ಗೆ ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ. ಹೊಕ್ಕುಳಿನ ಒಳಗೆ ಮೆತ್ತಗೆ ತೊಳೆದುಕೊಳ್ಳಿ, ಲ್ಯಾಪರೋಸ್ಕೋಪಿಯ ಮೊದಲ ತೂತು ಸಾಮಾನ್ಯವಾಗಿ ಅಲ್ಲೇ ಬೀಳುವುದು. ಅರಿಶಿನ, ಎಣ್ಣೆ, ಪೌಡರ್ ಆವತ್ತು ಬೇಡ.

ಪ್ರಶ್ನೆ: ಮುಂದಿನ ವಾರ ನನಗೆ ಆಪರೇಷನ್. ಸೋಂಕು ಆಗಬಾರದು ಅಂತ ದಿನಾ ಡೆಟಾಲ್ ನೀರಿನಲ್ಲಿ ಒಳಗೆ ತೊಳೆದುಕೊಳ್ಳುತ್ತಿದ್ದೇನೆ. ಈಗ ಉರಿ ಶುರುವಾಗಿದೆ. 
– ಓದುಗರು, ಮಂಡ್ಯ

ಉತ್ತರ: ಇವತ್ತೇ ನಿಲ್ಲಿಸಿ ಅಮ್ಮ. ಒಳಗೆ ನಮ್ಮನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ, ನೀವು ತೊಳೆದಷ್ಟೂ ಅವು ಸಾಯುತ್ತವೆ, ಕೆಟ್ಟವು ಬೆಳೆಯುತ್ತವೆ. ಹೊರಗಡೆ ಬರೀ ನೀರು ಸಾಕು. ಉರಿ, ವಾಸನೆ, ಬಿಳಿ ಸೆರಗು ಜಾಸ್ತಿ ಇದ್ದರೆ ಆಪರೇಷನ್ ದಿನದವರೆಗೆ ಕಾಯಬೇಡಿ, ಈಗಲೇ ಡಾಕ್ಟರಿಗೆ ತೋರಿಸಿ. ಸೋಂಕು ಇದ್ದರೆ ಮೊದಲು ಅದಕ್ಕೆ ಔಷಧ ಕೊಡಬೇಕಾಗುತ್ತದೆ. ಆಪರೇಷನ್ ಆದ ಮೇಲೂ ಹೊಲಿಗೆಗೆ ಡೆಟಾಲ್, ಸ್ಯಾವ್ಲಾನ್ ಅಂತ ನೀವಾಗಿ ಏನೂ ಸುರಿಯಬೇಡಿ. ಹೊಲಿಗೆ ಕೆಂಪಾಗಿ ಊದಿದರೆ, ಕೀವು ಬಂದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.