ಆತಂಕದಿಂದ ಬಳಲುವವರಿಗೆ ಮನಶ್ಶಾಸ್ತ್ರಜ್ಞರು ಭಯಪಡುವ ಸಂದರ್ಭವನ್ನೇ ಎದುರಿಸಲು ಹೇಳುವುದೇಕೆ?

ಭಯವಾದಾಗಲೆಲ್ಲ ತಪ್ಪಿಸಿಕೊಳ್ಳುವ ಅಭ್ಯಾಸವೇ ಆತಂಕವನ್ನು ಜೀವಂತವಾಗಿಡುತ್ತದೆ ಎಂಬುದು ಇದಕ್ಕೆ ಕಾರಣ. ಲಿಫ್ಟ್‌ಗೆ ಹೆದರುವವರು ಮೆಟ್ಟಿಲು ಹತ್ತಿ ಹೋದರೆ ತಕ್ಷಣ ನಿರಾಳವಾಗುತ್ತದೆ; ಆ ನಿರಾಳವನ್ನೇ ಮಿದುಳು, ಲಿಫ್ಟ್ ನಿಜಕ್ಕೂ ಅಪಾಯಕಾರಿಯಾಗಿತ್ತು ಎನ್ನುವುದಕ್ಕೆ ಸಾಕ್ಷಿಯೆಂದು ತೆಗೆದುಕೊಳ್ಳುವುದರಿಂದ ಮುಂದಿನ ಸಲ ಹೆದರಿಕೆ ಇನ್ನಷ್ಟು ಗಟ್ಟಿಯಾಗಿರುತ್ತದೆ.

ಆದ್ದರಿಂದ ಅರಿವು-ವರ್ತನೆ ಚಿಕಿತ್ಸೆಯಲ್ಲಿ, ಅಂದರೆ ಸಿಬಿಟಿಯಲ್ಲಿ, ಹೆದರಿಸುವ ಸಂದರ್ಭಗಳನ್ನು ಸುಲಭದ್ದರಿಂದ ಕಠಿಣದ್ದರವರೆಗೆ ಪಟ್ಟಿ ಮಾಡಿ, ವ್ಯಕ್ತಿಯ ಒಪ್ಪಿಗೆಯಿಂದಲೇ ಒಂದೊಂದಾಗಿ ಎದುರಿಸಲಾಗುತ್ತದೆ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪ್ ಇಂಥ ಪಟ್ಟಿಯನ್ನು ದೇಹ ಸಡಿಲಿಸುವ ಅಭ್ಯಾಸದೊಂದಿಗೆ ಬಳಸಿದರು. ಇಂದು ಹೆಚ್ಚಿನ ಒತ್ತು ಇರುವುದು ನಿರೀಕ್ಷೆಯನ್ನು ಪರೀಕ್ಷಿಸುವುದರ ಮೇಲೆ: ‘ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತದೆ’ ಎಂದು ಮೊದಲೇ ಬರೆದಿಟ್ಟು, ಎರಡು ಮಹಡಿ ಹೋಗಿ ಬಂದ ಮೇಲೆ ನಿಜವಾಗಿ ಏನಾಯಿತೆಂದು ಅದರ ಪಕ್ಕದಲ್ಲೇ ಬರೆಯುವುದು. ಎದೆ ಡವಗುಟ್ಟಿರಬಹುದು, ಅಂಗೈ ಬೆವರಿರಬಹುದು, ಆದರೆ ಉಸಿರು ಕಟ್ಟಿರುವುದಿಲ್ಲ. ಹಳೆಯ ಭಯ ಅಳಿಸಿಹೋಗದಿದ್ದರೂ ಅದನ್ನು ತಡೆಹಿಡಿಯುವ ಹೊಸ ಕಲಿಕೆ ಹೀಗೆ ಬೇರೂರುತ್ತದೆ.

ಧೈರ್ಯಕ್ಕೆಂದು ಜೊತೆಗೊಬ್ಬರನ್ನು ಕರೆದೊಯ್ಯುವುದು, ಫೋನನ್ನು ಬಿಗಿಯಾಗಿ ಹಿಡಿದಿರುವುದು ಇತ್ಯಾದಿ ಆಸರೆಗಳನ್ನೂ (ಇವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ) ಕ್ರಮೇಣ ಬಿಡಿಸಬೇಕಾಗುತ್ತದೆ, ಇಲ್ಲವಾದರೆ ಪಾರಾದ ಶ್ರೇಯಸ್ಸು ಅವುಗಳಿಗೇ ಸಲ್ಲುತ್ತದೆ.