ಭಾವ ಹಂಚಿದ ರೂಟ್

ಪುಣೆಯಲ್ಲಿ ಶನಿವಾರ ಮಧ್ಯಾಹ್ನ ನಾನು ಕನ್ನಡದಲ್ಲಿ ಆಪ್ತಸಲಹೆಗೆ ಕೂರುತ್ತೇನೆ. ಬರುವವರಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರು. ಮರಾಠಿಯಲ್ಲಿ ವ್ಯವಹಾರ ನಡೆಸಬಲ್ಲರು, ಸಂಕಟ ಹೇಳಿಕೊಳ್ಳಲು ಮಾತ್ರ ಅವರಿಗೆ ತಾಯಿಯ ನುಡಿಯೇ ಬೇಕು. ಈ ಪ್ರಕರಣವನ್ನು ಆ ಕುಟುಂಬದ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅವರನ್ನು ಬಸವರಾಜ ಎಂದು ಕರೆಯೋಣ. ವಯಸ್ಸು 31, ಇಂಡಿ ತಾಲ್ಲೂಕಿನ ಕಡೆಯವರು, ಧನಕವಡಿಯಲ್ಲಿ ಬಾಡಿಗೆ ಮನೆ, ಸ್ವಂತ ಬೈಕಿನಲ್ಲಿ ಪಾರ್ಸಲ್ ಹಂಚುವ ಕೆಲಸ.

ಅವರನ್ನು ಕರೆತಂದವರು ಹೆಂಡತಿ. ಊಟದ ತಟ್ಟೆಯನ್ನು ಗೋಡೆಗೆ ಎಸೆದ ರಾತ್ರಿಯ ಮರುದಿನ ಬಂದಿದ್ದರು. ಆರು ವರ್ಷದ ಮಗಳು ಆ ರಾತ್ರಿಯಿಂದ ಅಪ್ಪನ ಪಕ್ಕದಲ್ಲಿ ಮಲಗುತ್ತಿಲ್ಲ ಎಂದು ಆಕೆ ಹೇಳಿದಾಗ ಬಸವರಾಜ ತಲೆ ಎತ್ತಲಿಲ್ಲ. ಕುಡಿತವಿಲ್ಲ. ಸಾಯುವ ಯೋಚನೆ ಬಂದದ್ದಿದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು, ಆ ಉತ್ತರವನ್ನು ನಂಬಬಹುದು ಎನಿಸಿತು. ನಿದ್ದೆ ಮಾತ್ರ ಕೆಟ್ಟಿತ್ತು. ನಸುಕಿನ ಮೂರು ಗಂಟೆಗೆ ಎಚ್ಚರವಾಗುತ್ತದೆ, ಮನಸ್ಸಿನಲ್ಲೇ ಓಣಿ ಓಣಿ ತಿರುಗುತ್ತೇನೆ ಎಂದರು.

ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ತಪ್ಪು. ಸಿಟ್ಟಿನ ಪ್ರಕರಣವೆಂದು ಹಿಡಿದು, ಸಿಟ್ಟು ಏರುವಾಗ ಉಸಿರು ಎಣಿಸುವ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ಮುಂದಿನ ಶನಿವಾರ ಬಂದು ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಮೇಡಂ, ಎಣಿಸಿದೆ. ನಾಲ್ಕನೆಯ ಮಹಡಿ ಹತ್ತುವ ಹೊತ್ತಿಗೆ ಎಣಿಸಲು ಉಸಿರೇ ಉಳಿದಿರುವುದಿಲ್ಲ."

ಆಗ ಕೆಲಸದ ಬಗ್ಗೆ ಕೇಳಿದೆ. ಮೊದಲೇ ಕೇಳಬೇಕಿತ್ತು.

ಅವರ ಹಬ್, ಅಂದರೆ ಪಾರ್ಸಲ್‌ಗಳು ಬಂದು ಸೇರಿ ಹಂಚಿಕೆಗೆ ಹೊರಡುವ ಕೇಂದ್ರ, ಮಾರ್ಕೆಟ್ ಯಾರ್ಡ್ ಬಳಿ ಇದೆ. ಗುತ್ತಿಗೆದಾರನ ಕೈಕೆಳಗೆ 12 ಹುಡುಗರು. ಕೂಲಿ ಪಾರ್ಸಲ್ ಲೆಕ್ಕದಲ್ಲಿ, ಮುಟ್ಟಿಸಿದ ಒಂದಕ್ಕೆ 14 ರೂಪಾಯಿ. ಬಾಗಿಲು ಹಾಕಿದ್ದರೆ, ಒಟಿಪಿ ಸಿಗದಿದ್ದರೆ, ಪಾರ್ಸಲ್ ಹಬ್‌ಗೆ ವಾಪಸ್, ಅದಕ್ಕೆ ಕಾಸಿಲ್ಲ. ಬೆಳಗ್ಗೆ ರೂಟ್ ಹಂಚುವವರು ಹಬ್ ಇನ್‌ಚಾರ್ಜ್. ಎಲ್ಲರಿಗೂ ಹೆಚ್ಚುಕಡಿಮೆ 80 ಪಾರ್ಸಲ್. ಬಸವರಾಜರಿಗೆ ಒಂದೂವರೆ ವರ್ಷದಿಂದ ಹಳೆಯ ಪುಣೆಯ ಪೇಟೆಗಳಾದ ಸದಾಶಿವ ಪೇಠ ಮತ್ತು ಶುಕ್ರವಾರ ಪೇಠ.

ಪುಣೆಯ ಪೇಠಗಳನ್ನು ನಡೆದು ನೋಡಿದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಹಳೆಯ ಕಾಲದ ತೊಟ್ಟಿಮನೆಗಳಾದ ವಾಡೆಗಳು, ಅವುಗಳ ನಡುವೆ ಲಿಫ್ಟ್ ಇಲ್ಲದ ಕಟ್ಟಡಗಳು. ಮನೆ ಸಂಖ್ಯೆ ಸಾಲಾಗಿ ಸಿಗುವುದಿಲ್ಲ. ಭಿಕಾರದಾಸ ಮಾರುತಿಯ ಹಿಂದೆ, ಖುನ್ಯಾ ಮುರಳೀಧರನ ಎದುರು ಎಂದು ದೇವರ ಗುರುತು ಹಿಡಿದೇ ಹುಡುಕಬೇಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹಿರಿಯರು ಮಲಗುವ ಹೊತ್ತು, ಗಂಟೆ ಒತ್ತಿದರೆ ಬೈಗುಳ. ಬೈಕ್ ನಿಲ್ಲಿಸಲು ಇಂದು ಈ ಬದಿ, ನಾಳೆ ಆ ಬದಿ. ಗಣೇಶೋತ್ಸವ ಬಂತೆಂದರೆ ಮಂಟಪಗಳಿಂದಾಗಿ ರಸ್ತೆಗಳೇ ಮುಚ್ಚುತ್ತವೆ. ಅದೇ ಹಬ್‌ನ ಇನ್ನೊಂದು ರೂಟ್ ಬಿಬವೇವಾಡಿ, ಗಂಗಾಧಾಮ ಕಡೆಯದು. ಅಲ್ಲಿ ಎತ್ತರದ ಸೊಸೈಟಿಗಳು, ಒಂದೇ ಗೇಟಿನೊಳಗೆ ಹದಿನೈದು ಪಾರ್ಸಲ್, ಲಿಫ್ಟ್ ಇದೆ, ಮನೆಯಲ್ಲಿ ಇಲ್ಲದವರದನ್ನು ವಾಚ್‌ಮನ್ ತೆಗೆದಿಟ್ಟುಕೊಳ್ಳುತ್ತಾನೆ.

"ರೂಟ್ ಬದಲಿಸಿ ಎಂದು ಇನ್‌ಚಾರ್ಜ್‌ಗೆ ಹೇಳಿದಿರಾ?"

ಬಸವರಾಜ ಹೆಂಡತಿಯ ಕಡೆ ನೋಡಿದರು. ಆಕೆ ಸೆರಗಿನ ತುದಿ ಸುತ್ತುತ್ತಾ, "ಇನ್‌ಚಾರ್ಜ್ ನನ್ನ ಅಣ್ಣ" ಎಂದರು.

ಗಂಟು ಇದ್ದದ್ದು ಇಲ್ಲಿ. 2022ರಲ್ಲಿ ಊರಿನಿಂದ ಕರೆಸಿಕೊಂಡವನು ಆ ಭಾವ. ನಾಲ್ಕು ತಿಂಗಳು ತನ್ನ ಮನೆಯಲ್ಲಿ ಇರಿಸಿಕೊಂಡ, ಬೈಕಿನ ಮುಂಗಡ ಹಣ ಕಟ್ಟಿದ, ಕೆಲಸ ಕೊಡಿಸಿದ. ಅನ್ನದ ಹಂಗು ಇರುವ ಕಡೆ ಬಾಯಿ ಹೇಗೆ ಬಿಡುವುದು? ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಹಬ್‌ನಲ್ಲಿ ಆಡದ ಮಾತೆಲ್ಲ ಮನೆಯಲ್ಲಿ ಹೆಂಡತಿಯ ಮೇಲೆ ಬೀಳುತ್ತಿತ್ತು: "ನಿನ್ನ ಅಣ್ಣ ನನ್ನನ್ನು ಕತ್ತೆ ಮಾಡಿದ." ಆಕೆ ಅದನ್ನು ಅಣ್ಣನಿಗೆ ಮೆತ್ತಗೆ ಮಾಡಿ ಮುಟ್ಟಿಸುತ್ತಿದ್ದರು. ಅಣ್ಣನ ಉತ್ತರವನ್ನು ಗಂಡನಿಗೆ ಇನ್ನೂ ಮೆತ್ತಗೆ ಮಾಡಿ ತರುತ್ತಿದ್ದರು. ತಟ್ಟೆ ಹಾರಿದ್ದು ಅಂಥ ಒಂದು ಉತ್ತರಕ್ಕೆ: "ಅವನಿಗೆ ಕೊಟ್ಟಿರುವುದೇ ಹಗುರ ರೂಟ್."

ನನಗೆ ಈ ಮಾತು ಕುತೂಹಲ ತಂದಿತು. ಒಬ್ಬ ಹಗುರ ಎನ್ನುತ್ತಾನೆ, ಇನ್ನೊಬ್ಬನ ಮೊಣಕಾಲು ಊದಿದೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಹಾಗಾದರೆ ಅಳೆಯುವ ಕೋಲೇ ಬೇರೆ ಬೇರೆ ಇರಬೇಕು. ಎರಡು ವಾರ ಸಿಟ್ಟಿನ ಮಾತು ಬದಿಗಿಟ್ಟು ಲೆಕ್ಕ ಬರೆಯಲು ಹೇಳಿದೆ. ಎಷ್ಟು ಪಾರ್ಸಲ್, ಎಷ್ಟು ಸ್ಟಾಪ್ (ಪಾರ್ಸಲ್ ಕೊಡಲು ನಿಲ್ಲಬೇಕಾದ ಜಾಗ), ಎಷ್ಟು ಮಹಡಿ ಕಾಲ್ನಡಿಗೆಯಲ್ಲಿ, ಎಷ್ಟು ವಾಪಸ್, ಹಬ್ ಬಿಟ್ಟದ್ದು ಎಷ್ಟಕ್ಕೆ, ಕ್ಯಾಶ್ ಕಟ್ಟಿ ಹೊರಬಿದ್ದದ್ದು ಎಷ್ಟಕ್ಕೆ. ಗಂಗಾಧಾಮ ರೂಟಿನ ಗೆಳೆಯನನ್ನೂ ಕೇಳಿ ಬರೆಯಿರಿ, ಆದರೆ ಅವನ ಮೇಲೆ ದೂರು ಹೊರಿಸಬೇಡಿ ಎಂದೆ.

ಮಗಳ ಹಳೆಯ ಶಾಲಾ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದು ತಂದರು. ಬೆವರಿಗೆ ಶಾಯಿ ಹರಡಿತ್ತು. ಮಹಡಿಗಳನ್ನು ಅಂಕಿಯಲ್ಲಿ ಬರೆದಿರಲಿಲ್ಲ. ಊರಲ್ಲಿ ಚೀಲ ಎಣಿಸುವಂತೆ ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕಿದ್ದರು. ಕೆಲವು ದಿನಗಳಲ್ಲಿ ಗೀಟುಗಳು ಪುಟದ ಅಂಚಿಗೆ ತಗುಲಿ ಕೆಳಗಿನ ಸಾಲಿಗೆ ಇಳಿದಿದ್ದವು.

ಸರಾಸರಿ ಕೂಡಿಸಿದೆವು. ಬಸವರಾಜ: 78 ಪಾರ್ಸಲ್, 71 ಸ್ಟಾಪ್, 13 ವಾಪಸ್, ಸಂಜೆ ಏಳೂವರೆಗೆ ಬಿಡುವು. ಗೆಳೆಯ: 82 ಪಾರ್ಸಲ್, 24 ಸ್ಟಾಪ್, 3 ವಾಪಸ್, ಮಧ್ಯಾಹ್ನ ನಾಲ್ಕಕ್ಕೆ ಬಿಡುವು. ಒಬ್ಬರಿಗೆ ದಿನಕ್ಕೆ 910 ರೂಪಾಯಿ, ಇನ್ನೊಬ್ಬರಿಗೆ 1,106. ತಿಂಗಳಿಗೆ 26 ದಿನ ಹಿಡಿದರೆ ಅಂತರ 5,096 ರೂಪಾಯಿ. ಆ ಅಂಕಿಯ ಕೆಳಗೆ ಬಸವರಾಜ ಎರಡು ಗೆರೆ ಎಳೆದು ಬಹಳ ಹೊತ್ತು ಸುಮ್ಮನೆ ಕೂತರು. "ಹಾಗಾದರೆ ನಾನು ಸೋಮಾರಿಯಲ್ಲ" ಎಂದರು. ಒಂದೂವರೆ ವರ್ಷ ಅವರ ಒಳಗೆ ಆ ಅನುಮಾನ ಕೂತಿತ್ತು ಎಂದು ನನಗೆ ತಿಳಿದದ್ದು ಆಗಲೇ.

ಅದೇ ಭೇಟಿಯಲ್ಲಿ ಇನ್ನೊಂದು ಸಂಗತಿ ಹೊರಬಂತು. ಮೂತ್ರಕ್ಕೆ ಹೋಗಲು ಜಾಗವಿಲ್ಲವೆಂದು ಅವರು ಮಧ್ಯಾಹ್ನದವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ, ಉರಿ ಶುರುವಾಗಿತ್ತು. ಅದಕ್ಕೂ ಮೊಣಕಾಲಿಗೂ ವೈದ್ಯರ ಬಳಿ ಕಳಿಸಿದೆ. ಇದು ಮಾತಿನಿಂದ ವಾಸಿಯಾಗುವಂಥದ್ದಲ್ಲ.

ಕಾನೂನು ಏನು ಹೇಳುತ್ತದೆ ಎಂದೂ ಕೇಳಿದರು. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ, ಗಿಗ್ ಮತ್ತು ಪ್ಲಾಟ್‌ಫಾರ್ಮ್ ಕೆಲಸಗಾರರು (ಖಾಯಂ ನೌಕರಿಯಿಲ್ಲದೆ ಬಿಡಿ ಕೆಲಸ ಮಾಡುವವರು, ಆ್ಯಪ್ ಮೂಲಕ ದುಡಿಯುವವರು) ಯಾರು ಎಂಬುದನ್ನು ಅದು ಗುರುತಿಸುತ್ತದೆ, ಆದರೆ ರೂಟ್ ಹೇಗೆ ಹಂಚಬೇಕು ಎಂಬುದು ಅದರಲ್ಲಿಲ್ಲ. ಗಿಗ್ ಕೆಲಸಗಾರರಿಗಾಗಿ ಬಂದ ನಮ್ಮ ಕರ್ನಾಟಕದ 2025ರ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ, ಸ್ವಯಂಚಾಲಿತ ವ್ಯವಸ್ಥೆ ಯಾವ ಆಧಾರದ ಮೇಲೆ ನಿರ್ಧಾರ ಮಾಡುತ್ತದೆ ಎಂದು ಕೆಲಸಗಾರರಿಗೆ ತಿಳಿಸಬೇಕು ಎನ್ನುತ್ತದೆ. ಅದು ಗಡಿಯ ಆಚೆ. ಅಸಂಘಟಿತ ಕಾರ್ಮಿಕರ ಸರ್ಕಾರಿ ನೋಂದಣಿಯಾದ ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿ ಎಂದು ಹೇಳಿದೆ, ಮಾಡಿದ್ದಾರೆ. ಹಬ್‌ನ ಜಗಳವನ್ನು ಮಾತ್ರ ಹಬ್‌ನಲ್ಲೇ ಬಗೆಹರಿಸಬೇಕಿತ್ತು.

ಭಾವನನ್ನು ಕರೆಸಲು ಮೂರು ವಾರ ಹಿಡಿಯಿತು. ಬಂದವರು ದಣಿದ ಮನುಷ್ಯ, ಫೋನು ಎರಡು ನಿಮಿಷಕ್ಕೊಮ್ಮೆ ನಡುಗುತ್ತಿತ್ತು. ನೋಟ್‌ಬುಕ್ ನೋಡುವ ಮೊದಲೇ ಹೇಳಿದರು: "ತಂಗಿಯ ಗಂಡ ಎಂದೇ ಅವನಿಗೆ ಪೇಠ ಕೊಟ್ಟೆ. ಗಂಗಾಧಾಮ ಕೊಟ್ಟಿದ್ದರೆ ಉಳಿದ ಹನ್ನೊಂದು ಹುಡುಗರಿಗೆ ನಾನು ಹೇಗೆ ಮುಖ ತೋರಿಸಲಿ? ಅದೂ ಅಲ್ಲದೆ ಪೇಠ ಇಡೀ ದಿನಕ್ಕೆ 11 ಕಿಲೋಮೀಟರ್, ಪೆಟ್ರೋಲ್ ಅದರಲ್ಲೇ ಕಡಿಮೆ."

ಅವರು ಕಿಲೋಮೀಟರ್ ಎಣಿಸುತ್ತಿದ್ದರು, ಇವರು ಮೆಟ್ಟಿಲು ಎಣಿಸುತ್ತಿದ್ದರು. ಫೋನಿನ ನಕ್ಷೆಯಲ್ಲಿ ರಸ್ತೆ ಕಾಣುತ್ತದೆ, ಮೆಟ್ಟಿಲು ಕಾಣುವುದಿಲ್ಲ. ಆ ಭಾವನ ಮೇಲೆ ನನಗೆ ಗೌರವವೇ ಹುಟ್ಟಿತು. ಪಕ್ಷಪಾತದ ಮಾತು ಬರಬಾರದೆಂದು ತನ್ನವನಿಗೇ ಹೊರೆ ಹೊರಿಸಿದ್ದರು. ಆದರೂ ಅದು ಅನ್ಯಾಯವೇ, ಮತ್ತು ಹಾಗೆಂದು ಅವರಿಗೆ ಹೇಳಿದೆ. ನಂಟನೆಂದು ಕಡಿಮೆ ಕೊಡುವುದು ಎಷ್ಟು ತಪ್ಪೋ, ನಂಟನೆಂದು ಹೆಚ್ಚು ಹೇರುವುದೂ ಅಷ್ಟೇ ತಪ್ಪು.

ಬಸವರಾಜರಿಗೆ ಕೊಟ್ಟ ಸಲಹೆಯಲ್ಲಿ ಕಠಿಣವಾದದ್ದು ಒಂದು: ನಿಮಗೆ ಹಗುರ ಮಾಡಿ ಎಂದು ಭಾವನನ್ನು ಕೇಳಬೇಡಿ. ಪ್ರೀತಿಯಿಂದ ಅವರು ಮಾಡಿಬಿಟ್ಟರೆ ನಿಮ್ಮ ಹಂಗು ಇನ್ನಷ್ಟು ಬೆಳೆಯುತ್ತದೆ, ಪೇಠದ ಮೆಟ್ಟಿಲು ಮಾತು ಬಾರದ ಇನ್ನೊಬ್ಬ ಹೊಸ ಹುಡುಗನ ಕಾಲಿಗೆ ಬೀಳುತ್ತದೆ. ಎಲ್ಲರಿಗೂ ಒಂದೇ ಅಳತೆ ಇಡಿ ಎಂದು ಎಲ್ಲರ ಎದುರು ಕೇಳಿ: ಪಾರ್ಸಲ್ ಬದಲು ಸ್ಟಾಪ್ ಎಣಿಸಿ, ಲಿಫ್ಟ್ ಇಲ್ಲದ ಮಹಡಿಗಳನ್ನೂ ಸೇರಿಸಿ. ಪ್ರತಿ ವಾರ ರೂಟ್ ಅದಲುಬದಲು ಎಂದು ಅವರು ಯೋಚಿಸಿದ್ದರು, ನಾನು ತಡೆದೆ. ಓಣಿ ಬಲ್ಲವನಿಗೆ ಅರ್ಧ ಗಂಟೆಯ ಕೆಲಸ ಹೊಸಬನಿಗೆ ಎರಡು ಗಂಟೆ ಆಗುತ್ತದೆ. ಹೆಂಡತಿಗೆ ಹೇಳಿದ್ದು, ಅಣ್ಣನ ಮಾತು ಗಂಡನಿಗೆ, ಗಂಡನ ಮಾತು ಅಣ್ಣನಿಗೆ ಮುಟ್ಟಿಸುವುದನ್ನು ಇಂದಿನಿಂದ ನಿಲ್ಲಿಸಿ ಎಂದು. ಆಕೆಗೆ ಅಳು ಬಂತು, ಹಗುರವಾಯಿತು ಎಂದರು. ಮಗಳ ಎದುರು ತಟ್ಟೆ ಎಸೆದದ್ದಕ್ಕೆ ರೂಟ್ ಕಾರಣವಿರಬಹುದು, ಕ್ಷಮೆ ಮಾತ್ರ ನೀವೇ ಕೇಳಬೇಕು ಎಂದು ಬಸವರಾಜರಿಗೆ ಹೇಳಿದೆ. ಅವರು ಆ ಸಂಜೆಯೇ ಕೇಳಿದರಂತೆ.

ಭಾವನಿಗೆ ಕೇಳಿಕೊಂಡದ್ದು ಒಂದೇ: ಒಂದು ದಿನ ಚೀಲ ಹೊತ್ತು ಅವರ ಜೊತೆ ನಡೆಯಿರಿ. ಒಂದು ಗುರುವಾರ ನಡೆದರು. ಅದನ್ನು ಬಸವರಾಜ ವಿವರಿಸಿದರು: ಮೂರನೆಯ ವಾಡೆಯ ಕಡಿದಾದ ಮರದ ಏಣಿಯಲ್ಲಿ, ಹಿಡಿದುಕೊಳ್ಳಲು ಕಟ್ಟಿದ್ದ ಹಗ್ಗಕ್ಕೆ ಕೈಹಾಕಿ ಭಾವ ಅರ್ಧದಲ್ಲೇ ನಿಂತುಬಿಟ್ಟರು. ಮೇಲಿನಿಂದ ಅಜ್ಜಿಯೊಬ್ಬರು ಮರಾಠಿಯಲ್ಲಿ, ಸಾವಕಾಶ ಬಾ ಎಂದರು. ಪಾರ್ಸಲಿನಲ್ಲಿದ್ದದ್ದು ಒಂದು ಮೊಬೈಲ್ ಕವರ್. ಕೆಳಗಿಳಿದ ಮೇಲೆ ಭಾವ ಏನೂ ಮಾತಾಡಲಿಲ್ಲ, ಚೀಲವನ್ನು ಮಾತ್ರ ಮರಳಿ ಕೊಡಲಿಲ್ಲ.

ಈಗ ಶುಕ್ರವಾರ ಪೇಠ ಬೇರೆಯವರ ಪಾಲಿಗೆ ಹೋಗಿದೆ, ಅದನ್ನು ಪಡೆದವರ ಪಾರ್ಸಲ್ ಸಂಖ್ಯೆಯನ್ನೂ ಇಳಿಸಿದ್ದಾರೆ. ಸ್ಟಾಪ್ ಲೆಕ್ಕದಲ್ಲಿ ಕೂಲಿ ಕೊಡಲು ಗುತ್ತಿಗೆದಾರ ಒಪ್ಪಿಲ್ಲ, ಆದ್ದರಿಂದ ಹಣದ ಅಂತರ ಅರ್ಧದಷ್ಟು ಉಳಿದಿದೆ. ಗಂಗಾಧಾಮದ ಗೆಳೆಯ ಬಸವರಾಜರ ಜೊತೆ ಚಹಾ ಕುಡಿಯುವುದನ್ನು ಬಿಟ್ಟಿದ್ದಾನೆ. ಅದು ಅವರಿಗೆ ನೋವು, ಅದರ ಬಗ್ಗೆ ಮಾತಾಡುತ್ತಿದ್ದೇವೆ. ಹಬ್‌ನ ಬಿಳಿ ಹಲಗೆಯ ಮೇಲೆ ಭಾವ ಪಾರ್ಸಲ್ ಪಕ್ಕದಲ್ಲಿ ಸ್ಟಾಪ್ ಎಂದೂ, ಅದರ ಪಕ್ಕದಲ್ಲಿ ಮಹಡಿ ಎಂದೂ ಅಂಕಣ ಎಳೆದಿದ್ದಾರೆ. ಮಹಡಿಯ ಅಂಕಣವನ್ನು ಈವರೆಗೆ ತುಂಬುತ್ತಿರುವವರು ಇಬ್ಬರೇ: ಬಸವರಾಜ, ಮತ್ತು ಪರ್ವತಿ ಗುಡ್ಡದ ಮೇಲಿನ ಮನೆಗಳಿಗೆ ಹಂಚುವ ಯಾದಗಿರಿಯ ಹುಡುಗ. ಅವನನ್ನೂ ಮುಂದಿನ ಶನಿವಾರ ಕರೆತರುತ್ತೇನೆ ಎಂದಿದ್ದಾರೆ.